ಕಟಕಟೆ ಇಲ್ಲದ ನ್ಯಾಯಪೀಠ
ಕರ್ನಾಟಕದ ಬಾಲನ್ಯಾಯ ವ್ಯವಸ್ಥೆ ಬೆಳೆದು ಬಂದ ಬಗೆ

ಬಾಲನ್ಯಾಯ ಮಂಡಳಿಯ ಕೋಣೆಯಲ್ಲಿ ಕಟಕಟೆ ಇರಬಾರದು. ಮಂಡಳಿಯವರು ಎತ್ತರದ ಪೀಠದ ಮೇಲೆ ಕೂರುವಂತಿಲ್ಲ. ಮಗುವಿಗೂ ಅವರಿಗೂ ನಡುವೆ ಕಂಬಿ, ಅಡ್ಡಗಟ್ಟೆ ಏನೂ ಇರಕೂಡದು. ಮಗುವಿನ ಕೈಗೆ ಕೋಳ ತೊಡಿಸುವಂತಿಲ್ಲ. ವಿಚಾರಣೆ ನಡೆಸುವ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಾಮಾಜಿಕ ಕಾರ್ಯಕರ್ತರು ಇರಲೇಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರಡಿ ಬಂದ 2016ರ ಮಾದರಿ ನಿಯಮಗಳು ಹೇಳುವ ಮಾತುಗಳಿವು. ಇಷ್ಟನ್ನು ಬರೆದಿಡುವ ಹಂತ ತಲುಪಲು ಈ ದೇಶಕ್ಕೆ 150ಕ್ಕೂ ಹೆಚ್ಚು ವರ್ಷ ಬೇಕಾಯಿತು.

ಮೊದಲ ಹೆಜ್ಜೆ ಮಕ್ಕಳ ಮೇಲಿನ ಕರುಣೆಯಿಂದಷ್ಟೇ ಬಂದದ್ದಲ್ಲ. 1850ರ ಅಪ್ರೆಂಟಿಸ್ ಕಾಯ್ದೆ 10ರಿಂದ 18 ವರ್ಷದೊಳಗಿನ ಅನಾಥ, ಬಡ ಮಕ್ಕಳನ್ನೂ ಸಣ್ಣಪುಟ್ಟ ತಪ್ಪಿಗೆ ಸಿಕ್ಕಿಬಿದ್ದವರನ್ನೂ ಕಸುಬು ಕಲಿಯಲು ಒಬ್ಬ ಯಜಮಾನನ ಕೈಕೆಳಗೆ ಇರಿಸುವುದಕ್ಕೆ ಅವಕಾಶ ಕೊಟ್ಟಿತು. ಜೈಲಿಗಿಂತ ಅದು ವಾಸಿ, ನಿಜ. ಆದರೆ ಬಡತನಕ್ಕೂ ಅಪರಾಧಕ್ಕೂ ಒಂದೇ ಮದ್ದು ಎಂಬ ಆಲೋಚನೆ ಅಲ್ಲಿಂದಲೇ ಬೇರುಬಿಟ್ಟಿತು. 1860ರ ದಂಡ ಸಂಹಿತೆ 7 ವರ್ಷ ತುಂಬದ ಮಗು ಅಪರಾಧ ಎಸಗಲಾರದು ಎಂದು ಗೆರೆ ಎಳೆಯಿತು. ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಗೆರೆ ಅಲ್ಲೇ ಇದೆ. 1876ರಲ್ಲಿ ಸುಧಾರಣಾ ಶಾಲೆಗಳ ಕಾಯ್ದೆ ಬಂತು, 1897ರಲ್ಲಿ ಹೊಸ ರೂಪ ಪಡೆಯಿತು. 15 ತುಂಬದ ಹುಡುಗರನ್ನು 3ರಿಂದ 7 ವರ್ಷದವರೆಗೆ ಅಂಥ ಶಾಲೆಗಳಲ್ಲಿ ಇಡಬಹುದಿತ್ತು. ಹುಡುಗಿಯರ ಮಾತನ್ನೇ ಅದು ಎತ್ತಲಿಲ್ಲ.

ಮಕ್ಕಳ ವಿಚಾರಣೆಯೇ ಬೇರೆಯಾಗಿ ನಡೆಯಬೇಕೆಂದು ಗಟ್ಟಿಯಾಗಿ ಹೇಳಿದ್ದು 1919-20ರ ಭಾರತೀಯ ಜೈಲು ಸಮಿತಿ. ಅದರ ಅಧ್ಯಕ್ಷ ಅಲೆಕ್ಸಾಂಡರ್ ಕಾರ್ಡ್ಯೂ ಮದ್ರಾಸ್ ಸರ್ಕಾರದಲ್ಲಿದ್ದವರು. 1920ರಲ್ಲಿ ದೇಶದ ಮೊದಲ ಮಕ್ಕಳ ಕಾಯ್ದೆ ಬಂದದ್ದೂ ಮದ್ರಾಸಿನಲ್ಲೇ. 1922ರಲ್ಲಿ ಬಂಗಾಳ, 1924ರಲ್ಲಿ ಮುಂಬೈ ಅದೇ ದಾರಿ ಹಿಡಿದವು. ಮೈಸೂರು ಸಂಸ್ಥಾನದಲ್ಲಿ ಮಕ್ಕಳ ಕಾಯ್ದೆ ಬಂದದ್ದು 1943ರಲ್ಲಿ. ಹೀಗಾಗಿ ಕನ್ನಡ ನಾಡಿನ ಮಕ್ಕಳಿಗೆ ಒಂದೇ ಕಾನೂನು ಇರಲಿಲ್ಲ. ಮಂಗಳೂರಿನ ಹುಡುಗನಿಗೆ ಮದ್ರಾಸಿನದು, ಧಾರವಾಡದವನಿಗೆ ಮುಂಬೈಯದು, ಮೈಸೂರಿನವನಿಗೆ ಸಂಸ್ಥಾನದ್ದು. ಕಲಬುರಗಿಯ ಮಕ್ಕಳು ಹೈದರಾಬಾದಿನ ಕಾನೂನಿನ ಕೆಳಗಿದ್ದರು. 1956ರ ಏಕೀಕರಣ ಗಡಿಗಳನ್ನು ಅಳಿಸಿತಾದರೂ ಕಾನೂನುಗಳು ಒಂದಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. 1964ರ ಮಕ್ಕಳ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಚೌಕಟ್ಟು ಕೊಟ್ಟಿತು.

ಕಾಯ್ದೆ ಇದ್ದ ಮಾತ್ರಕ್ಕೆ ಮಕ್ಕಳು ಜೈಲಿನಿಂದ ಹೊರಬಂದರೇ? ದೇಶದ ಅನೇಕ ಕಡೆ ಬರಲಿಲ್ಲ. ಇದನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟವರು ಪತ್ರಕರ್ತೆ ಶೀಲಾ ಬರ್ಸೆ. ದೇಶದ ಜೈಲುಗಳಲ್ಲಿ ಕೊಳೆಯುತ್ತಿದ್ದ 16 ತುಂಬದ ಮಕ್ಕಳ ಪರವಾಗಿ ಅವರು ಅರ್ಜಿ ಹಾಕಿದರು. 1986ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಕೆಲವು ರಾಜ್ಯಗಳು ಮಕ್ಕಳ ಕಾಯ್ದೆ ಮಾಡಿಯೂ ಜಾರಿಗೆ ತಂದಿಲ್ಲವೆಂದು ಆಕ್ಷೇಪಿಸಿತು. ಇಡೀ ದೇಶಕ್ಕೆ ಸಂಸತ್ತೇ ಒಂದು ಕಾನೂನು ಮಾಡಲಿ ಎಂದು ಸೂಚಿಸಿತು. ಅದೇ ವರ್ಷ ಬಾಲನ್ಯಾಯ ಕಾಯ್ದೆ ಬಂತು, 1987ರ ಅಕ್ಟೋಬರ್ 2ರಿಂದ ಜಾರಿಯಾಯಿತು. ಗಂಡುಮಕ್ಕಳಿಗೆ 16, ಹೆಣ್ಣುಮಕ್ಕಳಿಗೆ 18 ಎಂದು ಅದು ವಯಸ್ಸು ಗೊತ್ತುಮಾಡಿತು. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡ ಮೇಲೆ ಈ ಭೇದ ಉಳಿಯುವಂತಿರಲಿಲ್ಲ. 2000ದ ಕಾಯ್ದೆ ಎಲ್ಲರಿಗೂ 18 ಎಂದಿತು. ಬಾಲನ್ಯಾಯ ಮಂಡಳಿ ಮತ್ತು ಮಕ್ಕಳ ಕಲ್ಯಾಣ ಸಮಿತಿ ಈಗಿನ ಹೆಸರಿನಲ್ಲಿ ಹುಟ್ಟಿದ್ದು ಆಗ.

ಈ ಎರಡರ ವ್ಯತ್ಯಾಸ ಊರಿನ ತಿಳಿದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಮನೆ ಬಿಟ್ಟು ಬಂದ ಮಗು, ದುಡಿಮೆಗೆ ಹಚ್ಚಿದ ಮಗು, ಬಾಲ್ಯವಿವಾಹದ ಅಂಚಿನಲ್ಲಿರುವ ಹುಡುಗಿ ಹೋಗುವುದು ಕಲ್ಯಾಣ ಸಮಿತಿಯ ಮುಂದೆ. ಅಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಮಗುವಿನ ವಾಸಕ್ಕೆ ಬಾಲಮಂದಿರ ಇದೆ. ತಪ್ಪು ಮಾಡಿದ ಆರೋಪ ಹೊತ್ತ ಮಗು ಹೋಗುವುದು ಮಂಡಳಿಯ ಮುಂದೆ. ವಿಚಾರಣೆ ಮುಗಿಯುವವರೆಗೆ ಇರಿಸುವುದಾದರೆ ವೀಕ್ಷಣಾಲಯದಲ್ಲಿ. ಇಬ್ಬರನ್ನೂ ಒಂದೇ ಸೂರಿನ ಕೆಳಗೆ ತಳ್ಳುತ್ತಿದ್ದ ಕಾಲವೂ ಇತ್ತು. ಈ ಬೇರ್ಪಡಿಕೆಯನ್ನು ನಾನು ಇಡೀ ಕಥೆಯ ದೊಡ್ಡ ಗೆಲುವೆಂದೇ ಎಣಿಸುತ್ತೇನೆ.

ಮೊಬೈಲ್ ಕದ್ದ ಆರೋಪದ ಮೇಲೆ 15ರ ಹುಡುಗನೊಬ್ಬ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಹುಡುಗನನ್ನು ಅವರ ವಶಕ್ಕೆ ಒಪ್ಪಿಸಬೇಕು. ಲಾಕಪ್ಪಿನಲ್ಲಿ ಕೂರಿಸುವಂತಿಲ್ಲ. ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲವಾದರೆ ಇಂಥ ಪ್ರಕರಣಕ್ಕೆ ಎಫ್‌ಐಆರ್ ಕೂಡ ಇಲ್ಲ, ಠಾಣೆಯ ದಿನಚರಿಯಲ್ಲಿ ದಾಖಲಿಸಿದರೆ ಸಾಕು. 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಪರಾಧ ಜಾಮೀನಿಗೆ ಅರ್ಹವೋ ಅಲ್ಲವೋ, ಮಗುವಿಗೆ ಜಾಮೀನು ಕೊಡುವುದೇ ನಿಯಮ. ಹೊರಗೆ ಬಿಟ್ಟರೆ ಕೆಟ್ಟವರ ಕೈಗೆ ಸಿಗುತ್ತಾನೆ, ಅವನಿಗೇ ಅಪಾಯವಿದೆ, ನ್ಯಾಯದ ಉದ್ದೇಶವೇ ಸೋಲುತ್ತದೆ ಎಂಬ ಕಾರಣಗಳಿದ್ದರಷ್ಟೇ ನಿರಾಕರಿಸಬಹುದು.

ಇಲ್ಲಿಂದ ಮುಂದಿನ ಕೆಲಸ ಪರಿವೀಕ್ಷಣಾಧಿಕಾರಿಯದು. ಈ ವ್ಯವಸ್ಥೆಯ ಜೀವ ಇರುವುದು ಅವರ ಸಾಮಾಜಿಕ ತನಿಖಾ ವರದಿಯಲ್ಲಿ. ಅವರು ಹುಡುಗನ ಮನೆಗೆ ಹೋಗಬೇಕು. ಮನೆಯಲ್ಲಿ ಯಾರಿದ್ದಾರೆ, ಅಪ್ಪನಿಗೆ ಕುಡಿತದ ಚಟವಿದೆಯೇ, ಶಾಲೆ ಯಾವಾಗ ಬಿಟ್ಟ, ಏಕೆ ಬಿಟ್ಟ, ಎಲ್ಲಿ ದುಡಿಯುತ್ತಿದ್ದ, ಕೂಲಿ ಕೈಗೆ ಬರುತ್ತಿತ್ತೇ, ಯಾರಾದರೂ ಹೊಡೆಯುತ್ತಿದ್ದರೇ, ಗೆಳೆಯರು ಎಂಥವರು ಎಂದೆಲ್ಲ ಕೇಳಿ 15 ದಿನದೊಳಗೆ ಬರೆದುಕೊಡಬೇಕು. ಈ ವರದಿ ಚೆನ್ನಾಗಿದ್ದರೆ ಮಂಡಳಿಗೆ ದಾರಿ ಕಾಣುತ್ತದೆ: ಬುದ್ಧಿವಾದ ಹೇಳಿ ಕಳಿಸುವುದು, ಆಪ್ತಸಲಹೆ, ಸಮುದಾಯ ಸೇವೆ, ಹೆತ್ತವರ ಹೊಣೆಯ ಮೇಲೆ ಬಿಡುವುದು, ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ. ವರದಿ ಕಾಟಾಚಾರಕ್ಕೆ ಬರೆದದ್ದಾದರೆ ಉಳಿದೆಲ್ಲವೂ ಕಾಟಾಚಾರವೇ. ವಿಚಾರಣೆ 4 ತಿಂಗಳಲ್ಲಿ, ತಪ್ಪಿದರೆ ಇನ್ನು 2 ತಿಂಗಳಲ್ಲಿ ಮುಗಿಯಬೇಕು. ಸಣ್ಣ ಪ್ರಕರಣ ಆಗಲೂ ಮುಗಿಯದಿದ್ದರೆ ಅಲ್ಲಿಗೇ ಕೈಬಿಡಬೇಕು.

2012ರ ಡಿಸೆಂಬರಿನ ದೆಹಲಿ ಅತ್ಯಾಚಾರ ಪ್ರಕರಣ ಈ ಕಥೆಯ ದಿಕ್ಕು ತಿರುಗಿಸಿತು. ಆರು ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವಯಸ್ಸು ಇಳಿಸುವುದು ಬೇಡವೆಂದಿತು. ಆದರೆ ಆತ 3 ವರ್ಷ ಮುಗಿಸಿ ಹೊರಬಂದ ಬೆನ್ನಿಗೇ, 2015ರ ಡಿಸೆಂಬರ್ 22ರಂದು, ರಾಜ್ಯಸಭೆ ಹೊಸ ಮಸೂದೆಯನ್ನು ಅಂಗೀಕರಿಸಿತು. 16 ತುಂಬಿದ ಮಗು ಘೋರ ಅಪರಾಧದ ಆರೋಪ ಹೊತ್ತರೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ನಡೆಸಿ, ವಯಸ್ಕನಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಸಂತ್ರಸ್ತೆಯ ಹೆತ್ತವರ ಸಂಕಟದ ಮುಂದೆ ಯಾರ ವಾದವೂ ಸಣ್ಣದೇ. ಹಾಗಿದ್ದೂ ಹೇಳಬೇಕು, ಈ ನಿಯಮದಲ್ಲಿ ದೊಡ್ಡ ದೋಷವಿದೆ. ತಪ್ಪು ಮಾಡಿದವನು ಇವನೇ ಎಂದು ಇನ್ನೂ ಸಾಬೀತಾಗಿರುವುದಿಲ್ಲ. ಆದರೂ ಅದನ್ನು ಯಾವ ಸನ್ನಿವೇಶದಲ್ಲಿ ಮಾಡಿದ, ಪರಿಣಾಮ ತಿಳಿದಿತ್ತೇ ಎಂದು ಅಳೆಯಬೇಕು. ತಿಂಗಳುಗಳ ಹಿಂದಿನ ಹದಿಹರೆಯದ ಮನಸ್ಸನ್ನು ಯಾವ ಪರೀಕ್ಷೆ ಅಳೆದೀತು? ಇದು ಸೂಕ್ಷ್ಮ ಕೆಲಸ, ಮನಶ್ಶಾಸ್ತ್ರಜ್ಞರ ನೆರವು ಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಮೌಲ್ಯಮಾಪನಕ್ಕೆ ಕಾಯ್ದೆ ಕೊಟ್ಟ 3 ತಿಂಗಳ ಗಡುವು ಕಡ್ಡಾಯವಲ್ಲ, ಮಾರ್ಗಸೂಚಿ ಮಾತ್ರ ಎಂದು 2024ರಲ್ಲಿ ತೀರ್ಪು ಬಂದದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಅಷ್ಟೂ ದಿನ ಕಾಯುವವನು ಹುಡುಗನೇ.

ರಾಜ್ಯದಲ್ಲಿ ಇದೆಲ್ಲದರ ಹೊಣೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು; ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕದ್ದು. ಹೈಕೋರ್ಟಿನ ಬಾಲನ್ಯಾಯ ಸಮಿತಿ ಮೇಲಿಂದ ಗಮನಿಸುತ್ತದೆ. ಚೌಕಟ್ಟಿಗೆ ಕೊರತೆಯಿಲ್ಲ, ಕೊರತೆ ಇರುವುದು ಮನುಷ್ಯರದು. ಸಂಪೂರ್ಣಾ ಬೆಹುರಾ ಅವರು 2005ರಲ್ಲಿ ಹೂಡಿದ ಅರ್ಜಿಯ ಮೇಲೆ 2018ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ದೇಶದುದ್ದಕ್ಕೂ ಮಂಡಳಿ, ಸಮಿತಿಗಳಲ್ಲಿನ ಖಾಲಿ ಸ್ಥಾನಗಳನ್ನು ತುಂಬಬೇಕೆಂದು ಹೇಳಬೇಕಾಯಿತು.

ಆ ಸ್ಥಾನಗಳು ನಮ್ಮ ನಿಮ್ಮಂಥವರಿಗಾಗಿಯೇ ಇವೆ. ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ 7 ವರ್ಷ ದುಡಿದವರು, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಕಾನೂನು ಓದಿ ವೃತ್ತಿಯಲ್ಲಿರುವವರು ಮಂಡಳಿಯ ಸದಸ್ಯರಾಗಬಹುದು. ಮೇಷ್ಟ್ರುಗಳೇ, ನರ್ಸಮ್ಮಂದಿರೇ, ವಕೀಲರೇ, ನಿಮ್ಮ ಜಿಲ್ಲೆಗೆ ಅರ್ಜಿ ಕರೆದಾಗ ದಯವಿಟ್ಟು ಅರ್ಜಿ ಹಾಕಿ.