ನ್ಯಾಯಪೀಠಕ್ಕೆ ಪೌರತ್ವದ ಷರತ್ತು ಬಂದ ಬಗೆ

1937ರ ಅಕ್ಟೋಬರ್‌ನಲ್ಲಿ ದೆಹಲಿಯ ಸಂಸತ್ ಭವನದಲ್ಲಿ, ಸುಪ್ರೀಂ ಕೋರ್ಟಿಗೆ ಮೊದಲಿದ್ದ ಫೆಡರಲ್ ಕೋರ್ಟ್ ಆರಂಭವಾದಾಗ ಪೀಠದಲ್ಲಿದ್ದವರು ಮೂವರು: ಇಂಗ್ಲೆಂಡಿನ ಸರ್ ಮಾರಿಸ್ ಗ್ವೈಯರ್ ಮುಖ್ಯ ನ್ಯಾಯಮೂರ್ತಿ, ಜೊತೆಗೆ ಸುಲೇಮಾನ್ ಮತ್ತು ಎಂ.ಆರ್. ಜಯಕರ್. ಆ ಕೋರ್ಟನ್ನು ರೂಪಿಸಿದ 1935ರ ಭಾರತ ಸರ್ಕಾರ ಕಾಯ್ದೆ ನ್ಯಾಯಮೂರ್ತಿಗಳಿಂದ ಕೇಳಿದ್ದು ಹೈಕೋರ್ಟ್ ಪೀಠದಲ್ಲಿ 5 ವರ್ಷ, ಇಲ್ಲವೇ ವಕೀಲಿಯಲ್ಲಿ 10 ವರ್ಷದ ಅನುಭವ. ಇಂಗ್ಲೆಂಡಿನ ಬ್ಯಾರಿಸ್ಟರ್ ಆದರೂ ನಡೆಯುತ್ತಿತ್ತು, ಸ್ಕಾಟ್ಲೆಂಡಿನ ಅಡ್ವೊಕೇಟ್ ಆದರೂ ನಡೆಯುತ್ತಿತ್ತು. ಭಾರತೀಯನೇ ಆಗಿರಬೇಕೆಂಬ ಮಾತಿರಲಿಲ್ಲ. ಆ ಕೋರ್ಟಿಗೆ ಭಾರತೀಯರೊಬ್ಬರು, ಹರಿಲಾಲ್ ಕಣಿಯಾ, ಖಾಯಂ ಮುಖ್ಯ ನ್ಯಾಯಮೂರ್ತಿಯಾಗಲು 1947ರ ಆಗಸ್ಟ್ ಬರಬೇಕಾಯಿತು.

1948ರ ಫೆಬ್ರವರಿಯಲ್ಲಿ ಹೊರಬಿದ್ದ ಸಂವಿಧಾನದ ಕರಡಿನಲ್ಲಿ, 103ನೇ ವಿಧಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಭಾರತದ ಪೌರನಾಗಿರಬೇಕೆಂದಿತು. ಅದೇ ಇಂದಿನ 124ನೇ ವಿಧಿ. ಹೈಕೋರ್ಟುಗಳಿಗೂ 217ನೇ ವಿಧಿಯಲ್ಲಿ ಇದೇ ಷರತ್ತು.

ಅಮೆರಿಕದ ಸಂವಿಧಾನ ಸಂಸದರಿಗೆ ಪೌರತ್ವ ಕೇಳುತ್ತದೆ, ಅಧ್ಯಕ್ಷರಿಗೆ ಹುಟ್ಟಿನಿಂದಲೇ ಪೌರತ್ವ ಬೇಕೆನ್ನುತ್ತದೆ. ಫೆಡರಲ್ ನ್ಯಾಯಾಧೀಶರಿಗೆ ಮಾತ್ರ ಏನನ್ನೂ ಹೇಳಿಲ್ಲ. ನಮ್ಮ ಸಂವಿಧಾನ ಸಭೆಯ ಸಲಹೆಗಾರ, ಕರಾವಳಿ ಮೂಲದ ಬೆನಗಲ್ ನರಸಿಂಗ ರಾಯರು 1947ರ ಕೊನೆಯಲ್ಲಿ ಅಲ್ಲಿ ಭೇಟಿಯಾದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಹುಟ್ಟಿದ್ದು ವಿಯೆನ್ನಾದಲ್ಲಿ. ಅಮೆರಿಕಕ್ಕೆ ಬಂದಾಗ ಅವರಿಗೆ 12 ವರ್ಷ. ಶಾಸಕಾಂಗದ ಕಾನೂನನ್ನು ತೂಗಿನೋಡುವ ಅತಿಯಾದ ಅಧಿಕಾರ ನ್ಯಾಯಾಧೀಶರ ಕೈಗೆ ಬೇಡ ಎಂಬ ಅವರ ಎಚ್ಚರಿಕೆ ರಾಯರ ಮನಸ್ಸಿಗೆ ನಾಟಿತು. ಜೀವ, ಸ್ವಾತಂತ್ರ್ಯ ಕಾಯುವ ನಮ್ಮ 21ನೇ ವಿಧಿಯ ಒಕ್ಕಣೆಯಲ್ಲಿ ಅದರ ಗುರುತಿದೆ.

ಹಾಗೆಂದು ನಮ್ಮವರು ಹಾಕಿದ ಷರತ್ತು ಸಣ್ಣತನದ್ದಲ್ಲ. ಆಗತಾನೇ ಪರರ ಆಳ್ವಿಕೆಯಿಂದ ಹೊರಬಂದ ದೇಶ ತನ್ನ ಉಚ್ಚ ಪೀಠದಲ್ಲಿ ತನ್ನ ಪೌರನನ್ನೇ ಕಾಣಬಯಸಿದ್ದು ನ್ಯಾಯವೇ. ಮೇಲಾಗಿ ಅದು ಕೇಳಿದ್ದು ಪೌರತ್ವವನ್ನು, ಹುಟ್ಟೂರನ್ನಲ್ಲ.

ಹೈಕೋರ್ಟುಗಳಲ್ಲಿ ಆಗಲೇ ಇದ್ದ ಬ್ರಿಟಿಷ್ ನ್ಯಾಯಾಧೀಶರ ಗತಿ? 376ನೇ ವಿಧಿ ಅವರನ್ನು ಉಳಿಸಿಕೊಂಡಿತು. ಆದರೆ ಬಡ್ತಿಯ ಮಾತು ಅಸ್ಪಷ್ಟವಾಗಿತ್ತು. ಭೂಸುಧಾರಣೆ, ವಾಕ್ ಸ್ವಾತಂತ್ರ್ಯದ ಗದ್ದಲಕ್ಕಾಗಿ ನೆನಪಾಗುವ 1951ರ ಮೊದಲ ತಿದ್ದುಪಡಿಯೇ ಇದನ್ನೂ ಬಗೆಹರಿಸಿತು: ಪೌರರಲ್ಲದಿದ್ದರೂ ಅವರು ಮುಖ್ಯ ನ್ಯಾಯಮೂರ್ತಿಯಾಗಬಹುದು. ಹಾಗೆ 1955ರಲ್ಲಿ ಅವರಲ್ಲೊಬ್ಬರಾದ ಆರ್ಬಿ ಮೂಥಮ್ ಅಲಹಾಬಾದ್ ಹೈಕೋರ್ಟಿನ ಮುಖ್ಯಸ್ಥರಾದರು.

ಅದೇ ಕೋರ್ಟಿನ ವಿಲಿಯಂ ಬ್ರೂಮ್ ಅವರಿಗೆ ಈ ವಿನಾಯಿತಿ ಇರಲಿಲ್ಲ. ಅವರು ಹೈಕೋರ್ಟ್ ಪೀಠಕ್ಕೆ ಬಂದದ್ದು ಸಂವಿಧಾನ ಜಾರಿಯಾದ ಮೇಲೆ. ಇಂಗ್ಲೆಂಡಿನಲ್ಲಿ ಹುಟ್ಟಿ ಐಸಿಎಸ್ ಸೇರಿ ಇಲ್ಲಿಗೆ ಬಂದಿದ್ದ ಅವರು ಭಾರತದ ಪೌರತ್ವ ಪಡೆದರು, 1972ರವರೆಗೆ ತೀರ್ಪು ಬರೆದರು.