ಒಂದು ಇಂಚಿಗೆ ಆರು ಅಡಿ

ಮಾರುತ್ ಯುದ್ಧವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. ಎರಡನ್ನೂ 72ರಿಂದ ಭಾಗಿಸಿದರೆ ಸಿಗುವುದು 22 ಮತ್ತು 12.5 ಸೆಂಟಿಮೀಟರ್. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ವಿಮಾನದ ಮಾದರಿ ಈ ಲೆಕ್ಕದಲ್ಲಿ ದಾವಣಗೆರೆಯ ಮನೆಯ ಷೋಕೇಸಿನಲ್ಲಿ, ಮಕ್ಕಳ ಕಪ್, ಪದಕಗಳ ಪಕ್ಕ, ಆರಾಮಾಗಿ ಕೂರುತ್ತದೆ. ಅಲ್ಲಿಗೆ ಬರುವ ತನಕ ಮಾಡಿದವರಿಗೆ ಮಾತ್ರ ಆರಾಮಿಲ್ಲ.

ಈ 72 ಎಲ್ಲಿಂದ ಬಂತು? ಆರಡಿಯ ಮನುಷ್ಯನನ್ನು ಒಂದು ಇಂಚಿಗೆ ಇಳಿಸಿದರೆ ಬರುವ ಅಳತೆ ಅದು, ಅಷ್ಟೆ. 1932ರಲ್ಲಿ ಬ್ರಿಟನ್ನಿನ ಜೇಮ್ಸ್ ಹೇ ಸ್ಟೀವನ್ಸ್ ರೂಪಿಸಿದ ‘ಸ್ಕೈಬರ್ಡ್ಸ್’ ಎಂಬ ಮರದ ಕಿಟ್‌ಗಳು ಇದನ್ನು ಚಾಲ್ತಿಗೆ ತಂದವು. 1936ರಲ್ಲಿ ‘ಫ್ರಾಗ್ ಪೆಂಗ್ವಿನ್’ ಹೆಸರಿನ, ಇದೇ ಅಳತೆಯ ಪ್ಲಾಸ್ಟಿಕ್ ಕಿಟ್‌ಗಳು ಬಂದವು. ಅವುಗಳ ಸೆಲ್ಯುಲೋಸ್ ಅಸಿಟೇಟ್ ವರ್ಷ ಕಳೆದಂತೆ ಸೊಟ್ಟಗಾಗುತ್ತಿತ್ತು. ಅಳತೆ ಗಟ್ಟಿಯಾಗಿ ಬೇರೂರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಅಮೆರಿಕದ ನೌಕಾಪಡೆ ಹೈಸ್ಕೂಲ್ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿತು. ಕಪ್ಪು ಬಣ್ಣ ಬಳಿದ ಈ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ ಅರ್ಧ ಮೈಲಿಯಾಚೆ ಹಾರುವ ನಿಜವಾದ ವಿಮಾನದಷ್ಟೇ ಕಾಣುತ್ತದೆ. ಬರುತ್ತಿರುವುದು ನಮ್ಮದೋ ಶತ್ರುವಿನದೋ ಎಂದು ಸೈನಿಕರು ಕಣ್ಣು ಪಳಗಿಸಿಕೊಂಡದ್ದು ಹೀಗೆ.

ಅದೇ ಯುದ್ಧ ಮೈಸೂರು ಸಂಸ್ಥಾನದಲ್ಲೂ ಕೆಲಸ ಮಾಡಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಸಂಸ್ಥಾನದ ಜತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಈಗಿನ ಎಚ್‌ಎಎಲ್) ತೆರೆದರು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ಅದೇ 1941ರಲ್ಲಿ ಸಂಸ್ಥಾನದ ಉತ್ತರದ ಅಂಚಿನಲ್ಲಿ, ಹೊಳೆ ದಾಟಿದರೆ ಮುಂಬೈ ಪ್ರಾಂತ್ಯ ಎನ್ನುವಂತಿದ್ದ, ದಾವಣಗೆರೆ ಪಕ್ಕದ ಹರಿಹರದಲ್ಲಿ, ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಒಂದು ಕಡೆ ವಿಮಾನ, ಇನ್ನೊಂದು ಕಡೆ ಲೇತ್. ಹರಿಹರದ ‘ಟರ್ನ್‌ಮಾಸ್ಟರ್’ ಲೇತ್ ದೇಶದ ವರ್ಕ್‌ಷಾಪುಗಳಿಗೆಲ್ಲ ಗೊತ್ತಿದ್ದ ಹೆಸರು. ಆ ಕಾರ್ಖಾನೆ ಈಗ ಮುಚ್ಚಿದೆ. ಆದರೂ ಕಿಟ್ ಸಿಗದ ವಿಮಾನವನ್ನು ಮೊದಲಿನಿಂದ ಕೈಯಲ್ಲೇ ಮಾಡಹೊರಟವರಿಗೆ ಚಕ್ರ, ಮೂತಿಯ ಮೊನೆ, ತೋಪಿನ ನಳಿಗೆಗಳನ್ನು ಕಡೆಯಲು ಲೇತ್‌ಗಿಂತ ಒಳ್ಳೆಯ ನೆಂಟ ಇಲ್ಲ. ಹರಿಹರದಲ್ಲಿ ಲೇತ್ ಬಲ್ಲವರಿಗೇನು ಬರವೆ?

ಮಾದರಿ ಎಂದರೆ ವಿಮಾನ ಬಂದ ಮೇಲೆ ಮಾಡುವ ನಕಲು ಎಂಬ ಭಾವನೆ ಸಾಮಾನ್ಯ. ಮಾರುತ್‌ನ ಕತೆ ಉಲ್ಟಾ. 1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ತಂಡ ಮೊದಲು ಮಾಡಿಸಿದ್ದು ಪೂರ್ಣ ಗಾತ್ರದ ಮರದ ಗ್ಲೈಡರ್. ಅದಕ್ಕೆ ಎಂಜಿನ್ನೇ ಇಲ್ಲ! 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಅದನ್ನು ಮೇಲಕ್ಕೆಳೆದು ಬಿಟ್ಟರು. ಅದು ತೇಲಿ ಇಳಿಯುತ್ತಿದ್ದ ರೀತಿಯಲ್ಲೇ ಮುಂದಿನ ಜೆಟ್‌ನ ಗುಣದೋಷಗಳನ್ನು ತಿಳಿದುಕೊಂಡರು. ಬೆಂಗಳೂರಿನ ರಸ್ತೆಯೊಂದಕ್ಕೆ ಹೆಸರಾಗಿರುವ ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದ್ದು ಆಮೇಲೆ, 1961ರ ಜೂನ್ 17ರಂದು. ಆ ಗ್ಲೈಡರ್ ಒಂದಕ್ಕೊಂದು ಅಳತೆಯ ಮಾದರಿ. ಷೋಕೇಸ್ ಮಾತ್ರ ಸಿಗುತ್ತಿರಲಿಲ್ಲ.

ಮನೆಯ ಮೇಜಿನ ಮೇಲಿನ ಮಾರುತ್‌ಗೆ ಬೇರೆ ಬಗೆಯ ಪರೀಕ್ಷೆಗಳಿವೆ. ಮೊದಲನೆಯದು ಫೆವಿಕ್ವಿಕ್. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳವನ್ನು ಅದರಿಂದ ಅಂಟಿಸಿದರೆ ಗೋಂದಿನ ಆವಿ ಒಳಗೆ ಕೂತು, ಬೆಳಗಾಗುವಷ್ಟರಲ್ಲಿ ಗಾಜು ಬಿಳಿಚಿಕೊಂಡಿರುತ್ತದೆ. ಪೈಲಟ್‌ಗೆ ಕಣ್ಣಿನ ಪೊರೆ ಬಂದ ಹಾಗೆ. ಬಿಳಿ ಫೆವಿಕಾಲ್‌ನಲ್ಲಿ ಅಂಟಿಸಿ ಒಂದು ರಾತ್ರಿ ಕಾಯುವುದೇ ಸರಿ, ಆದರೆ ಕಾಯುವ ತಾಳ್ಮೆ ಯಾರಿಗಿದೆ? ಎರಡನೆಯದು ದಾವಣಗೆರೆಯ ಏಪ್ರಿಲ್. ಏರ್‌ಬ್ರಷ್‌ನಿಂದ ಹೊರಟ ಅಕ್ರಿಲಿಕ್ ಬಣ್ಣ ಆ ಬಿಸಿಲಿಗೆ ರೆಕ್ಕೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಮೇಲ್ಮೈ ಮೇಲೆ ರವೆ ಉದುರಿಸಿದಂತೆ ಕೂರುತ್ತದೆ. ಬಣ್ಣಕ್ಕೆ ರಿಟಾರ್ಡರ್ ಬೆರೆಸಬೇಕು, ಇಲ್ಲವೇ ನಸುಕಿನಲ್ಲಿ ಎದ್ದು ಬಳಿಯಬೇಕು.

ಮೂರನೆಯದು ಎಲ್ಲಕ್ಕಿಂತ ತಮಾಷೆಯದು. ಮಾರುತ್ ಮೂತಿಯ ಕೆಳಗೊಂದು, ಹಿಂದೆ ಎರಡು ಚಕ್ರದ ಮೇಲೆ ನಿಲ್ಲುವ ವಿಮಾನ. ಪ್ಲಾಸ್ಟಿಕ್ ಮೂತಿ ಟೊಳ್ಳಾದ್ದರಿಂದ ಒಳಗೆ ಭಾರ ಇಡದಿದ್ದರೆ ಮಾದರಿ ಹಿಂದಕ್ಕೆ ವಾಲಿ ಬಾಲದ ಮೇಲೆ ಕುಕ್ಕರಿಸುತ್ತದೆ. ಇದು ತಿಳಿಯುವುದು ಎರಡೂ ಪಕ್ಕ ಅಂಟಿಸಿ, ಉಜ್ಜಿ, ಬಣ್ಣ ಮುಗಿಸಿದ ಮೇಲೆ! ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹೊಳೆದಂಡೆಯ ಹರಿಹರದಲ್ಲಿ ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಹಾರುವ ಮಾದರಿಯವರ ಗೋಳೇ ಬೇರೆ. ವಿಮಾನವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ ರೆಕ್ಕೆಯ ವಿಸ್ತೀರ್ಣ ನೂರರಲ್ಲೊಂದು, ಘನಗಾತ್ರ ಸಾವಿರದಲ್ಲೊಂದು. ಆದರೆ ಗಾಳಿ ಕಿರಿದಾಗುವುದಿಲ್ಲ. ಪುಟ್ಟ ರೆಕ್ಕೆಗೆ ಅದು ಅಂಟಂಟಾದ ದ್ರವದಂತೆ ವರ್ತಿಸುತ್ತದೆ. ಆದ್ದರಿಂದ ಅಳತೆಗೆ ನಿಷ್ಠರಾದವರೂ ಬಾಲದ ರೆಕ್ಕೆಯನ್ನು ಗುಟ್ಟಾಗಿ ತುಸು ದೊಡ್ಡದು ಮಾಡುತ್ತಾರೆ. ಈ ಒಂದು ಮೋಸವನ್ನು ಕ್ಷಮಿಸಬೇಕು. ಇಲ್ಲದಿದ್ದರೆ ಮಾದರಿ ನೆಟ್ಟಗೆ ಹಾರದು. ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಬಾಲ್ಸಾ ಮರದಲ್ಲಿ ಕಲಿಯುವುದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈಗ ಥರ್ಮೋಕೋಲ್, ಸನ್‌ಬೋರ್ಡ್‌ಗಳಲ್ಲಿ ಮಾಡುತ್ತಾರೆ. ಮೂಗು ನೆಲಕ್ಕೆ ಬಡಿದರೆ ಹಾಟ್ ಗ್ಲೂ ಹಾಕಿ ಅಂದೇ ಸಂಜೆ ಮತ್ತೆ ಹಾರಿಸಬಹುದು. ಬಾಲ್ಸಾದಲ್ಲಿ ಹಾಗಲ್ಲ, ಅದರ ಎಲುಬು ಮತ್ತೆ ಕೂಡಿಸಲು ವಾರಗಳೇ ಬೇಕು.

ಇಷ್ಟಾದ ಮೇಲೂ ಬಣ್ಣದ ಜಗಳ ಬಾಕಿ ಇದೆ. ಮಾರುತ್ ನೋಡಬೇಕೆಂದರೆ ಬೆಂಗಳೂರಿಗೆ ಹೋಗಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲೊಂದಿದೆ, ಎಚ್‌ಎಎಲ್ ಸಂಗ್ರಹಾಲಯದಲ್ಲೂ ಇದೆ. ಚಕ್ರದ ಗೂಡು, ರಿವೆಟ್ ಸಾಲು, ಗಾಳಿ ಒಳಗೆಳೆಯುವ ಬಾಯಿ ಎಲ್ಲ ಮೊಬೈಲಿನಲ್ಲಿ ಹಿಡಿದು ತರಬಹುದು. ಆದರೆ ಬಯಲಿನಲ್ಲಿ ನಿಂತ ವಿಮಾನಕ್ಕೆ ಬಿಸಿಲು ಮಳೆಯ ಕಾರಣಕ್ಕೆ ಮತ್ತೆ ಮತ್ತೆ ಬಣ್ಣ ಬೀಳುತ್ತದೆ, ಅದು ಮೂಲದ ಛಾಯೆಯೇ ಆಗಿರಬೇಕೆಂದಿಲ್ಲ. ಹಳೆಯ ಫೋಟೋಗಳನ್ನು ತೆಗೆದರೆ ಅವು ಬಹುಪಾಲು ಕಪ್ಪು-ಬಿಳುಪು. ಹಸಿರು ಎಷ್ಟು ಹಸಿರು, ಬೂದು ಎಷ್ಟು ಬೂದು ಎಂಬುದರ ಮೇಲೆ ಇಬ್ಬರು ಹವ್ಯಾಸಿಗಳು ಮಾತಿಗಿಳಿದರೆ ತಟ್ಟೆಯ ಬೆಣ್ಣೆ ದೋಸೆ ತಣ್ಣಗಾದರೂ ವಾದ ತಣಿಯುವುದಿಲ್ಲ.