ದೂರದರ್ಶಕದ ಪೀಠ: ಕೂದಲೆಳೆಯ ಅಂತರ

ಹಾವೇರಿಯಿಂದ ರೈಲಿನಲ್ಲಿ ಬ್ಯಾಡಗಿಯನ್ನು ದಾಟಿ ರಾಣೆಬೆನ್ನೂರಿಗೆ ಹೋಗುವವರಿಗೆ ಇಕ್ಕೆಲಗಳಲ್ಲಿಯೂ ಕಾಣುವುದು ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಹೊಲಗಳು. ರಾಣೆಬೆನ್ನೂರಿನ ಸುತ್ತಿನ ಬಯಲಿನಲ್ಲಿ, ಇನ್ನೂ ಇಬ್ಬನಿ ಆರದ ಹೊತ್ತಿನಲ್ಲಿ, ಈ ಹೊಲಗಳ ಅಂಚಿಗೆ ಚಿಗರೆಗಳ ಹಿಂಡು ಬಂದು ನಿಲ್ಲುವುದುಂಟು. ಕಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡು ಒಂದು ಕಡೆ. ಕಂದು ಬಣ್ಣದ ಹೆಣ್ಣುಗಳು ಇನ್ನೊಂದು ಕಡೆ. ಈ ಕೃಷ್ಣಮೃಗಗಳಿಗಾಗಿಯೇ ೧೯೭೪ರಲ್ಲಿ ಇಲ್ಲಿ ೧೧೯ ಚದರ ಕಿಲೋಮೀಟರಿನ ವನ್ಯಧಾಮವೊಂದು ಏರ್ಪಟ್ಟಿತು. ಎರೆಭೂತ ಎಂಬ ದೊಡ್ಡ ಹಕ್ಕಿಯೂ ಹಿಂದೆ ಈ ಬಯಲಿನಲ್ಲಿ ಕಾಣುತ್ತಿತ್ತು.

ಇಂಥ ಬಯಲು ಒಂದು ಕಾಲದಲ್ಲಿ ಬೇಟೆಗಾರನಿಗೆ ಅಚ್ಚುಮೆಚ್ಚಾಗಿತ್ತು. ಮರೆಯಿಲ್ಲದ ನೆಲದಲ್ಲಿ ಮೃಗದ ಸಮೀಪಕ್ಕೆ ಹೋಗುವುದು ಕಷ್ಟ. ಆದ್ದರಿಂದ ದೂರದಿಂದಲೇ ಗುರಿಯಿಡಬೇಕು. ರೈಫಲಿನ ಬೆನ್ನ ಮೇಲೆ ದೂರದರ್ಶಕವನ್ನು ಕೂರಿಸುವ ಪದ್ಧತಿ ಬೆಳೆದದ್ದು ಇದೇ ಅಗತ್ಯದಿಂದ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗದ ಬೇಟೆಗೆ ತಡೆ ಹಾಕಿತು. ೧೯೯೧ರ ತಿದ್ದುಪಡಿಯು ಪರವಾನಿಗೆ ಪಡೆದು ಆಡುವ ಬೇಟೆಯನ್ನೂ ಮುಗಿಸಿತು. ರೈತನ ಮನೆಯಲ್ಲಿ ಬೆಳೆ ಕಾಯಲು ಇರುವ ಬಾಯಿಮದ್ದಿನ ಕೋವಿಗೆ ದೂರದರ್ಶಕದ ಗೊಡವೆಯಿಲ್ಲ. ಅದರ ಸದ್ದೇ ಅದರ ಮುಖ್ಯ ಕೆಲಸ. ಹಾಗಾದರೆ ದೂರದರ್ಶಕವನ್ನು ಕೂರಿಸುವ ವಿದ್ಯೆ ನಮಗೇಕೆ ಎಂದು ಓದುಗರು ಕೇಳಬಹುದು. ಊರೊಳಗೆ ನುಗ್ಗಿದ ಚಿರತೆಗೆ ಅರಿವಳಿಕೆಯ ಸೂಜಿಯನ್ನು ಹಾರಿಸುವ ವೈದ್ಯನ ಕೋವಿಯ ಮೇಲೆ ಇಂದು ಅದೇ ದೂರದರ್ಶಕ ಕುಳಿತಿದೆ. ಹಿಂದೆ ಪೀಠದ ತಪ್ಪಿನಿಂದ ಗಾಯಗೊಂಡ ಮೃಗ ಪೊದೆಯಲ್ಲಿ ನರಳಿ ಸಾಯುತ್ತಿತ್ತು. ಇಂದು ಅದೇ ತಪ್ಪಿನಿಂದ ಬದುಕಿಸಲು ಹೊರಟ ಮೃಗವೇ ಸಾಯಬಹುದು. ಆದ್ದರಿಂದ ವಿಷಯವು ಹಳೆಯದಾದರೂ ಅದರ ಲೆಕ್ಕ ಹಳತಾಗಿಲ್ಲ.

ಕೂರಿಗೆಯ ಪಾಠ

ನಮ್ಮ ಸೀಮೆಯ ಒಕ್ಕಲಿಗನಿಗೆ ಈ ಲೆಕ್ಕವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೂರಿಗೆಯ ತಾಳು ಎಷ್ಟೇ ನೇರವಾಗಿರಲಿ, ದಿಂಡಿನ ತೂತಿನಲ್ಲಿ ಅದು ಸಡಿಲವಾಗಿದ್ದರೆ ಸಾಲು ಸೊಟ್ಟಗಾಗುತ್ತದೆ. ಎತ್ತಿನದಾಗಲಿ ಬೀಜದ್ದಾಗಲಿ ದೋಷವಲ್ಲ, ದೋಷ ಕೂಡಿಕೆಯದು. ಒಕ್ಕಲಿಗನು ಕೂಡಲೆ ಒಂದು ಬೆಣೆ ಬಡಿದು ಅದನ್ನು ಬಿಗಿಮಾಡುತ್ತಾನೆ.

ರೈಫಲಿನ ಮೇಲಿನ ದೂರದರ್ಶಕವೂ ಹಾಗೆಯೇ. ಅದರೊಳಗಿನ ಮಸೂರಗಳು ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುತ್ತವೆ; ನಡುವೆ ಇರುವ ಕೂಡುಗೆರೆಯು ಗುರಿಯ ಬಿಂದುವನ್ನು ಸೂಚಿಸುತ್ತದೆ. ಆದರೆ ಗುಂಡು ಹೊರಡುವುದು ದೂರದರ್ಶಕದಿಂದಲ್ಲ, ಅದರ ಕೆಳಗಿನ ನಳಿಗೆಯಿಂದ. ಕಣ್ಣಿನ ಗೆರೆಗೂ ನಳಿಗೆಯ ಗೆರೆಗೂ ಇರುವ ಒಂದೇ ಸಂಬಂಧವೆಂದರೆ ನಡುವಿನ ಪೀಠ. ಪೀಠದಲ್ಲಿ ಎರಡು ಭಾಗಗಳುಂಟು: ರೈಫಲಿನ ಒಡಲಿಗೆ ತಿರುಪುಗಳಿಂದ ಬಿಗಿದ ಅಡಿಪಟ್ಟಿ, ಅದರ ಮೇಲೆ ನಿಂತು ದೂರದರ್ಶಕದ ಕೊಳವೆಯನ್ನು ಅಪ್ಪಿಕೊಳ್ಳುವ ಎರಡು ಬಳೆಗಳು.

ಈ ಎರಡು ಬಳೆಗಳ ನಡುವೆ ೧೦೦ ಮಿಲಿಮೀಟರು ಅಂತರವಿದೆ ಎಂದಿಟ್ಟುಕೊಳ್ಳೋಣ. ಹಿಂದಿನ ಬಳೆಯು ಮೊದಲಿದ್ದ ಜಾಗದಿಂದ ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಎಂದರೆ ತಲೆಗೂದಲೊಂದರ ದಪ್ಪದಷ್ಟು ಮಾತ್ರ, ಸರಿಯಿತೆನ್ನಿ. ಸಾವಿರಕ್ಕೆ ಒಂದರಂತೆ ದೃಷ್ಟಿ ಓರೆಯಾಯಿತು. ೧೦೦ ಮೀಟರು ದೂರದಲ್ಲಿ ಅದೇ ಸಾವಿರಕ್ಕೆ ಒಂದು ೧೦ ಸೆಂಟಿಮೀಟರು ಆಗುತ್ತದೆ. ೨೦೦ ಮೀಟರಿಗೆ ೨೦. ಚಿಗರೆಯಂಥ ಮೃಗದ ಎದೆಗೂಡಿನ ಮರ್ಮಸ್ಥಾನ ಒಂದು ಗೇಣಿಗಿಂತ ಹೆಚ್ಚು ಅಗಲವಿಲ್ಲ. ಕೂದಲೆಳೆಯೊಂದು ಗೇಣನ್ನು ನುಂಗಿಹಾಕುವ ಪರಿ ಇದು.

ಪೀಠವು ಸ್ಥಿರವಾಗಿ ಓರೆಯಾಗಿದ್ದರೆ ಅಷ್ಟು ಭಯವಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ದೂರದರ್ಶಕದ ಮೇಲಿನ ತಿರುಗುಣಿಗಳಿಂದ ಕೂಡುಗೆರೆಯನ್ನು ಸರಿಸಿ ಅದನ್ನು ತಿದ್ದಿಕೊಳ್ಳಬಹುದು. ತಿದ್ದಲಾಗದ್ದು ಸಡಿಲಿಕೆ. ನಿನ್ನೆ ಎಡಕ್ಕೆ, ಇಂದು ಬಲಕ್ಕೆ ಸರಿಯುವ ಪೀಠಕ್ಕೆ ಯಾವ ತಿರುಗುಣಿಯೂ ಮದ್ದಲ್ಲ. ಕೆಲವರು ಆ ತಪ್ಪನ್ನು ಮಸೂರದ ಮೇಲೆ ಹೊರಿಸುತ್ತಾರೆ. ಇನ್ನು ಕೆಲವರು ತಮ್ಮ ಕೈಯ ಮೇಲೆ. ಅಪರಾಧಿ ಮಾತ್ರ ಎರಡರ ನಡುವೆ ಸದ್ದಿಲ್ಲದೆ ಕುಳಿತಿರುತ್ತಾನೆ.

ಒದೆತದ ಬಲ

ಪೀಠವು ಏಕೆ ಸಡಿಲವಾಗುತ್ತದೆ? ೧೦ ಗ್ರಾಮಿನ ಗುಂಡು ಸೆಕೆಂಡಿಗೆ ೮೦೦ ಮೀಟರು ವೇಗದಲ್ಲಿ ಮುಂದಕ್ಕೆ ಹಾರಿದಾಗ, ೪ ಕಿಲೋಗ್ರಾಮಿನ ರೈಫಲು ಸೆಕೆಂಡಿಗೆ ೨ ಮೀಟರು ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಎರಡು ಮೀಟರೆಂದರೆ ಹೆಚ್ಚೇನಲ್ಲ. ಆದರೆ ಆ ವೇಗವು ಬರುವುದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ. ಎಂದರೆ ಭೂಮಿಯ ಸೆಳೆತದ ಸುಮಾರು ಇನ್ನೂರರಷ್ಟು ವೇಗೋತ್ಕರ್ಷ. ರೈಫಲು ಹೀಗೆ ಹಿಂದಕ್ಕೆ ಜಗ್ಗಿದಾಗ ಅರ್ಧ ಕಿಲೋಗ್ರಾಮಿನ ದೂರದರ್ಶಕವು ತಾನಿದ್ದಲ್ಲಿಯೇ ಉಳಿಯಲು ಹವಣಿಸುತ್ತದೆ. ಆ ಕ್ಷಣದಲ್ಲಿ ಬಳೆಗಳ ಮೇಲೆ ಬೀಳುವ ಎಳೆತ ಸುಮಾರು ಒಂದು ಕ್ವಿಂಟಲ್ ಭಾರಕ್ಕೆ ಸಮ! ಬ್ಯಾಡಗಿಯ ಪೇಟೆಯಲ್ಲಿ ಹಲವು ಚೀಲ ಮೆಣಸಿನಕಾಯಿಯನ್ನು ಕೂಡಿಸಿ ತೂಗಿದರೆ ಬರುವ ಭಾರವನ್ನು ನಾಲ್ಕಾರು ಸಣ್ಣ ತಿರುಪುಗಳು ಹೊರಬೇಕು. ಒಮ್ಮೆಯಲ್ಲ, ಪ್ರತಿ ಗುಂಡಿಗೂ.

ಈ ಕಾರಣದಿಂದಲೇ ಅಡಿಪಟ್ಟಿಯಲ್ಲಿ ಅಡ್ಡಗಾಡಿಗಳನ್ನು ಕೊರೆದಿರುತ್ತಾರೆ. ಬಳೆಯ ಕೆಳಗಿನ ಅಡ್ಡಗುಣಿಯು ಆ ಗಾಡಿಯಲ್ಲಿ ಕುಳಿತು ಒದೆತವನ್ನು ತಡೆಯುತ್ತದೆ. ಆದರೆ ಗಾಡಿಗಳೆಲ್ಲ ಒಂದೇ ಅಳತೆಯವಲ್ಲ. ವೀವರ್ ಎಂಬ ಹಳೆಯ ಮಾದರಿಯಲ್ಲಿ ಗಾಡಿಯ ಅಗಲ ಸುಮಾರು ೪.೬ ಮಿಲಿಮೀಟರು, ಗಾಡಿಗಳ ನಡುವಿನ ಅಂತರಕ್ಕೆ ನಿಯಮವಿಲ್ಲ. ಅಮೆರಿಕದ ಸೈನ್ಯವು ೧೯೯೫ರಲ್ಲಿ ಗೊತ್ತುಮಾಡಿದ ಪಿಕಟಿನ್ನಿ ಮಾದರಿಯಲ್ಲಿ ಅಗಲ ೫.೨ ಮಿಲಿಮೀಟರು, ಅಂತರ ೧೦ ಮಿಲಿಮೀಟರು. ವೀವರ್ ಬಳೆಯು ಪಿಕಟಿನ್ನಿ ಪಟ್ಟಿಯ ಮೇಲೆ ಸಾಮಾನ್ಯವಾಗಿ ಕೂಡುತ್ತದೆ. ಪಿಕಟಿನ್ನಿ ಬಳೆಯ ಗುಣಿಯು ವೀವರ್ ಗಾಡಿಗೆ ಇಳಿಯುವುದಿಲ್ಲ. ಕೂಡಿದರೂ ಗುಣಿಯನ್ನು ಗಾಡಿಯ ಮುಂದಿನ ಗೋಡೆಗೆ ಒತ್ತಿ ಹಿಡಿದು ಬಿಗಿಯಬೇಕು. ಇಲ್ಲವಾದರೆ ಮೊದಲ ಗುಂಡೇ ಅದನ್ನು ಅಲ್ಲಿಗೆ ದೂಡುತ್ತದೆ.

ಬಳೆಯ ಅಳತೆ

ಎರಡನೆಯ ಹೊಂದಾಣಿಕೆ ಬಳೆಗೂ ಕೊಳವೆಗೂ ಸಂಬಂಧಿಸಿದ್ದು. ಕೊಳವೆಗಳು ಸಾಮಾನ್ಯವಾಗಿ ೨೫.೪ ಇಲ್ಲವೆ ೩೦ ಮಿಲಿಮೀಟರು ವ್ಯಾಸದವು. ೩೪ ಮಿಲಿಮೀಟರಿನವೂ ಇವೆ. ಹಳೆಯ ಜರ್ಮನ್ ದೂರದರ್ಶಕಗಳಲ್ಲಿ ೨೬ ಮಿಲಿಮೀಟರಿನವು ಸಿಗುತ್ತವೆ. ೨೬ರ ಕೊಳವೆಯನ್ನು ೨೫.೪ರ ಬಳೆಯಲ್ಲಿ ಬಲವಂತದಿಂದ ಬಿಗಿದರೆ ಕೊಳವೆ ನಜ್ಜಾಗುತ್ತದೆ. ಒಳಗಿನ ಮಸೂರಗಳು ನಡುಗೆರೆಯಿಂದ ಕದಲುತ್ತವೆ. ಬಳೆಗಾರನು ಕೈಯ ಅಳತೆ ನೋಡದೆ ಬಳೆ ತೊಡಿಸುವುದಿಲ್ಲ. ಇಲ್ಲಿಯೂ ಅದೇ ನ್ಯಾಯ.

ಮೂರನೆಯದು ಎತ್ತರ. ಮುಂದಿನ ಮಸೂರದ ಹೊರವ್ಯಾಸ ೪೮ ಮಿಲಿಮೀಟರು ಆಗಿದ್ದರೆ ಅದರ ಅರ್ಧ ೨೪. ನಳಿಗೆಗೆ ತಾಗದಂತೆ ೨ ಮಿಲಿಮೀಟರು ಬಿಟ್ಟರೆ ಕೊಳವೆಯ ನಡುಗೆರೆ ನಳಿಗೆಯ ಮೇಲ್ಮೈಯಿಂದ ೨೬ ಮಿಲಿಮೀಟರು ಎತ್ತರದಲ್ಲಿರಬೇಕು. ಗುಂಡು ತುಂಬುವ ಹಿಡಿಕೆಗೂ ಅಡ್ಡಿಯಾಗಬಾರದು. ಅದಕ್ಕಿಂತ ಹೆಚ್ಚು ಎತ್ತರ ಒಳ್ಳೆಯದಲ್ಲ. ತುಂಬ ಎತ್ತರವಾದರೆ ಕೆನ್ನೆಯು ಮರದ ಹಿಡಿಯನ್ನು ಬಿಟ್ಟು ಮೇಲೇಳುತ್ತದೆ. ನೆಲೆಯಿಲ್ಲದ ತಲೆಯೊಡನೆ ಕಣ್ಣೂ ಅಲುಗುತ್ತದೆ. ಕಣ್ಣಿಗೂ ಹಿಂದಿನ ಮಸೂರಕ್ಕೂ ೮ರಿಂದ ೧೦ ಸೆಂಟಿಮೀಟರು ಅಂತರವಿರಲೇಬೇಕು. ಇದನ್ನು ಮರೆತವರ ಹುಬ್ಬಿನ ಮೇಲೆ ಒದೆತವು ಅರ್ಧಚಂದ್ರವನ್ನು ಕೆತ್ತಿದ ಪ್ರಸಂಗಗಳು ಕಡಿಮೆಯಲ್ಲ.

ಹೊಂದಾಣಿಕೆಯ ಮಹತ್ತ್ವವನ್ನು ಎರಡನೆಯ ಮಹಾಯುದ್ಧದ ಕಾಲದ ಒಂದು ಉದಾಹರಣೆ ಚೆನ್ನಾಗಿ ತೋರಿಸುತ್ತದೆ. ಬ್ರಿಟಿಷ್ ಸೈನ್ಯದ ನಂಬರ್ ೪ ಲೀ-ಎನ್‌ಫೀಲ್ಡ್ ರೈಫಲುಗಳಲ್ಲಿ ಆಯ್ದವನ್ನು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕಳುಹಿಸಿ ದೂರದರ್ಶಕ ಕೂರಿಸುತ್ತಿದ್ದರು. ಪ್ರತಿಯೊಂದು ರೈಫಲಿಗೂ ಅದರದೇ ದೂರದರ್ಶಕ, ಅದರದೇ ಪೀಠ. ದೂರದರ್ಶಕದ ಸಂಖ್ಯೆಯನ್ನು ರೈಫಲಿನ ಮರದ ಹಿಡಿಯ ಮೇಲೂ, ರೈಫಲಿನ ಸಂಖ್ಯೆಯನ್ನು ಪೀಠದ ಮೇಲೂ ಮುದ್ರೆಯೊತ್ತುತ್ತಿದ್ದರು. ಒಂದರ ಪೀಠ ಇನ್ನೊಂದಕ್ಕೆ ಆಗದು ಎಂಬ ಅರಿವೇ ಆ ಮುದ್ರೆ.

ಸೂಜಿ ಹಾರಿಸುವ ಕೋವಿ

ಅರಿವಳಿಕೆಯ ಕೋವಿಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಒದೆತ ಅಲ್ಪ, ದೂರವೂ ಅಲ್ಪ. ಆದರೆ ಮದ್ದು ತುಂಬಿದ ಸೂಜಿಯ ವೇಗ ಗುಂಡಿನ ವೇಗದ ಹತ್ತನೆಯ ಒಂದು ಪಾಲೂ ಇಲ್ಲ. ಸೆಕೆಂಡಿಗೆ ೭೦ ಮೀಟರಿನಂತೆ ಹಾರುವ ಸೂಜಿಯು ೩೦ ಮೀಟರು ದಾಟುವಷ್ಟರಲ್ಲಿ ಸುಮಾರು ೯೦ ಸೆಂಟಿಮೀಟರು ಕೆಳಕ್ಕೆ ಬಾಗುತ್ತದೆ. ಅಷ್ಟನ್ನು ಸರಿದೂಗಿಸಲು ಗುರಿಯನ್ನು ಎತ್ತರಿಸಬೇಕು. ದೂರದರ್ಶಕವು ಬಳೆಯೊಳಗೆ ತಿರುಗಿ ಕುಳಿತು ಕೂಡುಗೆರೆಯು ೬ ಡಿಗ್ರಿ ವಾಲಿದೆ ಎನ್ನಿ. ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷದಲ್ಲಿ ಸರಿಯುವುದು ಅಷ್ಟೇ ಕೋನ. ಕಣ್ಣಿಗೆ ಸುಲಭವಾಗಿ ಹೊಳೆಯದು. ಆ ವಾಲಿದ ಗೆರೆಯ ಗುಂಟ ೯೦ ಸೆಂಟಿಮೀಟರು ಎತ್ತರಿಸಿದರೆ ಸೂಜಿಯು ಪಕ್ಕಕ್ಕೆ ೯ ಸೆಂಟಿಮೀಟರು ಸರಿದು ಬೀಳುತ್ತದೆ. ತೊಡೆಯ ದಪ್ಪ ಮಾಂಸಖಂಡಕ್ಕೆ ತಾಗಬೇಕಾದ ಸೂಜಿ ಹೊಟ್ಟೆಗೆ ಇಲ್ಲವೆ ಪಕ್ಕೆಲುಬಿಗೆ ನಾಟಬಹುದು. ಮೃಗವನ್ನು ಉಳಿಸಲು ಬಂದವನ ಕೈಯಲ್ಲಿಯೇ ಅದಕ್ಕೆ ಅಪಾಯವಾಗುವುದು ಹೀಗೆ. ಆದುದರಿಂದ ಕೋವಿಯನ್ನು ನೀರುಮಟ್ಟದಿಂದ ಸಮಮಾಡಿ, ದೂರದಲ್ಲಿ ತೂಗಬಿಟ್ಟ ತೂಕದ ದಾರದೊಡನೆ ನೆಟ್ಟಗೆರೆಯು ಕೂಡುವಂತೆ ನೋಡಿದ ಮೇಲೆಯೇ ಬಳೆಗಳನ್ನು ಬಿಗಿಯಬೇಕು.

ಬಿಗಿಯುವುದಕ್ಕೂ ಕ್ರಮವುಂಟು. ಮೊದಲು ಕೋವಿ ಬರಿದಾಗಿದೆಯೆಂದು ಖಚಿತಮಾಡಿಕೊಳ್ಳಬೇಕು. ಅಡಿಪಟ್ಟಿ ಕೂರುವ ಜಾಗದ ಎಣ್ಣೆ ಧೂಳುಗಳನ್ನು ಒರೆಸಬೇಕು. ಎರೆಮಣ್ಣಿನ ಒಂದು ಕಣವೂ ಮೇಲೆ ಹೇಳಿದ ಕೂದಲೆಳೆಯಾಗಬಲ್ಲದು. ತಿರುಪುಗಳನ್ನು ಒಂದೇ ಬದಿಗೆ ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಬಿಗಿತಕ್ಕೆ ತಯಾರಕರು ಗೊತ್ತುಮಾಡಿದ ಅಳತೆಯನ್ನು ಮೀರಬಾರದು. ಬಳೆಯ ತಿರುಪಿಗೆ ಅದು ಸಾಮಾನ್ಯವಾಗಿ ೨ ನ್ಯೂಟನ್-ಮೀಟರಿನ ಆಸುಪಾಸು. ಕೊನೆಗೆ ತಿರುಪಿನ ತಲೆಯಿಂದ ಬಳೆಯ ಮೇಲಕ್ಕೆ ಬಣ್ಣದ ಒಂದು ತೆಳ್ಳನೆಯ ಗೆರೆ ಎಳೆದಿಟ್ಟರೆ ಸಾಕು. ತಿರುಪು ಕದಲಿದ ದಿನ ಗೆರೆಯು ಮುರಿದು ಅದನ್ನು ಹೇಳುತ್ತದೆ.

ರಾಣೆಬೆನ್ನೂರಿನ ಬಯಲಿಗೆ ಈಗ ದೂರದರ್ಶಕವನ್ನು ಹೊತ್ತು ಬರುವವನಿಗೆ ಕೋವಿ ಬೇಕಾಗಿಲ್ಲ. ಮುಕ್ಕಾಲು ಮಣೆಯೊಂದು ಸಾಕು. ಅದರ ಕೂಡಿಕೆ ಸಡಿಲವಾಗಿದ್ದರೆ ಗಾಳಿಗೆ ಹಿಂಡೆಲ್ಲ ಕುಣಿದಂತೆ ಕಂಡು ಎಣಿಕೆ ತಪ್ಪುತ್ತದೆ. ಬಿಗಿಯಾಗಿದ್ದರೆ ಕೊಂಬಿನ ಸುತ್ತುಗಳನ್ನೂ ಎಣಿಸಬಹುದು. ಕೊಲ್ಲುವುದಕ್ಕಾಗಲಿ, ಕಾಯುವುದಕ್ಕಾಗಲಿ, ಬರಿದೆ ಕಾಣುವುದಕ್ಕಾಗಲಿ, ಕಣ್ಣು ಎಷ್ಟು ದೂರ ಹೋದರೂ ಅದನ್ನು ನಂಬಬಹುದೇ ಎಂಬುದನ್ನು ತೀರ್ಮಾನಿಸುವುದು ಅದು ಕುಳಿತ ಪೀಠ. ಬಿತ್ತುವ ಮುನ್ನ ಕೂರಿಗೆಯ ಬೆಣೆಯನ್ನು ಮುಟ್ಟಿನೋಡುವ ಒಕ್ಕಲಿಗನು ಇದನ್ನು ಬಹುಕಾಲದಿಂದ ಬಲ್ಲ.